ಆಯ್ತಪ್ಪನ ಬಾಗಿಲು

ಹಸಿರು ಇನ್ನೂ ಒಣಗಿಲ್ಲ, ಒಣಗುವ ಮೊದಲು ಬಣ್ಣಕ್ಕೊಂದು ಕಣ್ಣಿರುತ್ತದೆ, ತೇವದ ಕಣ್ಣು, ರಂಗದ ಗೋಡೆಯಿಂದ ಅದು ತನ್ನನ್ನೇ ನೋಡುತ್ತಿದೆ ಎಂದುಕೊಂಡು ಅವಳು ಕುಂಚವನ್ನು ನೀರಿಗದ್ದಿದಳು, ನೀರಿನಲ್ಲಿ ಹಸಿರು ಹೊಗೆಯಂತೆ ಬಿಚ್ಚಿಕೊಂಡಿತು — ಗೋಡೆ ಬರೆದಾಯಿತು, ಕಿಟಕಿಯೂ ಆಯಿತು, ನಡುವೆ ಮಾತ್ರ ಆಳೆತ್ತರದ ತೂತು, ಸಂಜೆಗೆ ನಾಟಕ, ಬಾಗಿಲಿಲ್ಲ. ಬಾಗಿಲು ಬಡಗಿಯ ಪಾಲು, ಅವನಿಗೆ ಇಲ್ಲಿ ಎಲ್ಲರೂ ಇಟ್ಟ ಹೆಸರು ಆಯ್ತಪ್ಪ, ಬಾಗಿಲು ಕೂರಿಸ್ತೀರಾ ಎಂದರೆ ಆಯ್ತು, ಮತ್ತೆ ಕೇಳಿದರೆ ಆಯ್ತಮ್ಮ ಆಯ್ತು, ಮುಗಿಯಿತೆಂದೋ ಮಾಡುತ್ತೇನೆಂದೋ, ಒಂದೇ ಮಾತಿನಲ್ಲಿ ಎರಡು ಮನೆ ಕಟ್ಟಿ ಎರಡರಲ್ಲೂ ಮಲಗುತ್ತಾನೆ, ಅವಳೋ ಮುಗಿಯಿತೆಂದೇ ತಿಳಿದು ಮನೆಗೆ ಹೋಗಿ ಹೇಳಿಯೂ ಬಿಟ್ಟಿದ್ದಳು, ಬಾಗಿಲು ಆಯ್ತಂತೆ ಅಕ್ಕ. ದೀಪದವನು ಏಣಿಯ ಮೇಲೆ ಕೂತು ಕಾಲಾಡಿಸುತ್ತಾನೆ, ಬಾಗಿಲು ಬರ್ಲಿ ಮೇಡಂ, ಬೆಳಕು ಎಲ್ಲಿ ಬೀಳ್ಬೇಕು ಅಂತ ಆಗ ನೋಡೋಣ, ಬಡಗಿ ಕೆಳಗಿನಿಂದ, ಬೆಳಕು ಬರ್ಲಿ, ಕತ್ತಲಲ್ಲಿ ಸ್ಕ್ರೂ ಹಾಕಕ್ಕಾಗುತ್ತಾ — ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು, ಈ ಮದುವೆಮನೆಯಲ್ಲಿ ಅವಳೊಬ್ಬಳೇ ರಂಗೋಲಿ ಹಾಕುತ್ತ ಕೂತಿದ್ದಾಳೆ.

ನಾಟಕದಲ್ಲಿ ಅಕ್ಕ ಬರುವುದು ಆ ತೂತಿನಿಂದಲೇ. ಗಂಟಲಿನ ಕಾಯಿಲೆಯಲ್ಲಿ ಎರಡು ವರ್ಷ ಪಿಸುಮಾತಾಗಿ ಉಳಿದುಹೋಗಿದ್ದ ಅಕ್ಕ ಇವತ್ತು ಮತ್ತೆ ರಂಗಕ್ಕೆ, ಬೆಳಗಾದರೆ ಅಡುಗೆಮನೆಯ ಬಾಗಿಲಲ್ಲಿ ಆ ಪ್ರವೇಶದ್ದೇ ಅಭ್ಯಾಸ, ಕೈ ಎತ್ತುತ್ತಾಳೆ, ಚಿಲಕ, ಟಕ್, ಆಮೇಲೆ ಮಾತು, ಆ ಸದ್ದು ಕೇಳಿದ್ರೆ ಸಾಕು ಕಣೇ, ಗಂಟಲು ತಾನಾಗೇ ಬಿಚ್ಕೊಳ್ಳುತ್ತೆ, ಇಲ್ದಿದ್ರೆ ನಂಗೆ ಹೆದ್ರಿಕೆ. ಬಟ್ಟೆಯಿದೆ, ಕುಂಚವಿದೆ, ತೂತಿಗೆ ಬಟ್ಟೆ ಬಿಗಿದು ಬಾಗಿಲು ಬರೆದುಬಿಡಬಹುದು, ಹೋದ ನಾಟಕದಲ್ಲಿ ಬೀರು ಬರೆದಳು, ಅದಕ್ಕೂ ಹಿಂದೆ ಮೆಟ್ಟಿಲು, ಆಯ್ತಪ್ಪ ನೋಡಿ ನಕ್ಕಿದ್ದ, ನೀವಿರೋವರೆಗೆ ನಂಗೇನಮ್ಮ ಚಿಂತೆ, ಅವಳು ಸುಮ್ಮನಿದ್ದಳು, ಸುಮ್ಮನಿರುವುದೂ ಒಂದು ಬಗೆಯ ಆಯ್ತೇ ಇರಬೇಕು — ಆದರೆ ಬರೆದ ಚಿಲಕ ಟಕ್ ಅನ್ನುವುದಿಲ್ಲ, ಬರೆದ ಬಾಗಿಲಿನ ಹಿಂದೆ ಅಕ್ಕ ನಿಂತೇ ಇರುತ್ತಾಳೆ. ಕೊನೆಯ ತಾಲೀಮಿಗೆ ಕರೆದರು, ಅವಳು ಕುಂಚ ಮುಟ್ಟಲಿಲ್ಲ, ಅಕ್ಕ ತೂತಿನಲ್ಲಿ ಬಂದು ನಿಂತಳು, ಕೈ ಎತ್ತಿದಳು, ತುಟಿ ತೆರೆಯಿತು, ದನಿ ಇಲ್ಲ, ಬಡಗಿ ಮೂಲೆಯಿಂದ ಆಯ್ತು ಆಯ್ತು ಸಂಜೆಯೊಳಗೆ ಎಂದ, ಆಗಿಲ್ಲ ಎಂದಿತು ಯಾವುದೋ ದನಿ, ಅದು ತನ್ನದೇ ಎಂದು ಅವಳಿಗೆ ತಡವಾಗಿ ತಿಳಿಯಿತು, ಆಗಿಲ್ಲ, ಬಂದು ನೋಡಿ ಇಲ್ಲಿ, ಬಡಗಿ ಬಂದು ನೋಡಿದ, ಬಾಯಿಗೆ ಬಂದ ಮಾತನ್ನು ನುಂಗಿದ, ಏಣಿಯ ಮೇಲೆ ಕಾಲಾಡುವುದು ನಿಂತಿತು, ತೂತಿನಲ್ಲಿ ಅಕ್ಕನ ಕೈ, ಹಿಡಿಯಲು ಏನೂ ಇಲ್ಲದೆ ಹಿಡಿದುಕೊಂಡ ಬೆರಳುಗಳು, ಇನ್ನೂ ಇಳಿಯದ ಆ ಕೈ, ಗಾಳಿಯಲ್ಲಿ, ಆ ಕೈ —