ಏಳು ನಿಮಿಷದ ಆಲೂಗಡ್ಡೆ

ಋಷಿಕೇಶ ಮರಾಠಿ ಸೀಮೆಯ ಪಿಂಪ್ರಿಯ ಗಿಯರ್ ಕಾರ್ಖಾನೆಯಲ್ಲಿ ತಪಾಸಣೆ ಮಾಡುವವನು. ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದರೂ ಗಿಯರನ್ನು ಪಕ್ಕಕ್ಕಿಡುವ ಮನುಷ್ಯ. ಸಂಜೆ ಬಿಬವೇವಾಡಿಯ ಮನೆಗೆ ಬಂದು ಸಿನಿಮಾ ವಿಮರ್ಶಕನಾದನೆಂದರೆ ಆ ಶಿಸ್ತೆಲ್ಲ ಕಾರ್ಖಾನೆಯ ಗೇಟಿನಲ್ಲೇ ಉಳಿಯುತ್ತಿತ್ತು. ಕೊರಿಯಾದ್ದಾಗಲಿ, ಇರಾನಿನದಾಗಲಿ, ನಾಲ್ಕು ಗೆಳೆಯರು ಸೇರಿ ತೆಗೆದ ತಮಿಳು ಚಿತ್ರವಾಗಲಿ, ಅರ್ಧ ನೋಡುವುದು, ಉಳಿದರ್ಧಕ್ಕೆ ಬೇರೆ ವಿಮರ್ಶಕರು ಏನೆಂದಿದ್ದಾರೆಂದು ಫೋನಿನಲ್ಲಿ ಓದುವುದು, ಎರಡನ್ನೂ ಕಲಸಿ ಕನ್ನಡ ಚಿತ್ರಕೂಟವೆಂಬ ಸಿನಿಮಾ ಸಂಘದ ಮಾಸಪತ್ರಿಕೆಗೆ ಕಳಿಸುವುದು. ‘ಮೌನದ ವ್ಯಾಕರಣ’ ಎಂಬ ಮಾತನ್ನು ಏಳು ವರ್ಷದಲ್ಲಿ ಹನ್ನೊಂದು ಸಲ ಬಳಸಿದ್ದ. ಹಾಗೆಂದರೇನೆಂದು ಪುಣ್ಯಕ್ಕೆ ಯಾರೂ ಕೇಳಿರಲಿಲ್ಲ.

ಈ ಸಲ ಚಿತ್ರೋತ್ಸವದಲ್ಲಿ ಜಾರ್ಜಿಯಾ ದೇಶದ ಚಿತ್ರವೊಂದಕ್ಕೆ ಗಂಗೂಬಾಯಿ ಮೌಶಿಯನ್ನೂ ಕರೆದುಕೊಂಡು ಹೋದ. ತೀರಿಕೊಂಡ ಅವ್ವನ ತಂಗಿ. ಅವನ ಮನೆಯಲ್ಲೇ ಇರುತ್ತಾಳೆ. ನಡುವೆ ಅವನಿಗೆ ಜೊಂಪು ಹತ್ತಿತು. ಕಣ್ಣು ಬಿಟ್ಟರೆ ಪರದೆಯ ಮೇಲೊಬ್ಬ ಮುದುಕಿ ಅರ್ಧ ಸುಲಿದ ಆಲೂಗಡ್ಡೆ ಹಿಡಿದು ಕಿಟಕಿಯ ಬಳಿ ಕೂತಿದ್ದಳು. ಗಡಿಯಾರ ನೋಡಿಕೊಂಡ. ಏಳು ನಿಮಿಷ ಮುದುಕಿ ಅಲುಗಾಡಲಿಲ್ಲ. ಮನೆಗೆ ಬಂದವನೇ, ಕಾಲವನ್ನೇ ಕಟ್ಟಿಹಾಕಿದ ನಿರ್ದೇಶಕನ ಎದೆಗಾರಿಕೆಯನ್ನು ಎರಡು ಪುಟ ಹೊಗಳಿದ.

ಚಿತ್ರಕೂಟ ನಡೆಸುವ ಉಮಾವತಿಯವರು ಆ ಚಿತ್ರ ನೋಡಿರಲಿಲ್ಲ. ವಿಮರ್ಶೆ ಓದಿ ಮರುಳಾದರು. ಭಾನುವಾರ ಅದನ್ನೇ ತರಿಸಿ ತೋರಿಸೋಣ, ಮೊದಲು ನೀವೇ ಮಾತಾಡಿ, ಅಂದೇ ನಿಮ್ಮನ್ನು ನಮ್ಮ ಉತ್ಸವದ ಆಯ್ಕೆ ಸಮಿತಿಗೆ ಸೇರಿಸಿಕೊಳ್ಳುತ್ತೇವೆ ಎಂದರು. ಏಳು ವರ್ಷದಿಂದ ಅವನು ಬಾಯಿಬಿಟ್ಟು ಕೇಳಲಾಗದೆ ಆಸೆಪಟ್ಟದ್ದು ಇದೊಂದನ್ನೇ.

ಶುಕ್ರವಾರ ಹಿಗ್ಗಿನಲ್ಲಿ ಮೌಶಿಗೆ ವಿಮರ್ಶೆ ಓದಿ ಹೇಳಿದ. ಅವಳು ಶೇಂಗಾ ಸುಲಿಯುತ್ತಲೇ ಕೇಳಿದಳು.

“ಆವಾಗ ಮಷೀನ್ ಕೆಟ್ಟು ಚಿತ್ರ ನಿಂತಿತ್ತೋ ಋಷಿ. ಒಬ್ಬಾವ ಬಂದು ಮರಾಠಿಯೊಳಗ ಮಾಫಿ ಕೇಳಿ ಹೋದ. ನೀ ಗೊರಕಿ ಹೊಡೀಲಿಕ್ಕೆ ಹತ್ತಿದ್ದಿ.”

ಅವನ ಮುಖ ಹುಳ್ಳಗಾಯಿತು. ಹಾಗಾದರೆ ಆಗಲೇ ಯಾಕೆ ಹೇಳಲಿಲ್ಲ ಎಂದು ರೇಗಿದ.

“ನಾ ಆ ಮುದುಕಿ ಕೈ ನೋಡಕೋತ ಕೂತಿದ್ನಿ. ನಿಮ್ಮವ್ವನ ಕೈ ಹಂಗ ಇದ್ದೂ,” ಎಂದಳು ಮೌಶಿ.

ಆ ಮಾತು ಅವನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ತಲೆಯ ತುಂಬ ಭಾನುವಾರವೇ ಇತ್ತು. ರಾತ್ರಿ ಕೂತು ಒಂದು ಸುಳ್ಳು ಹೊಸೆದ: ಇದು ಕತ್ತರಿ ಹಾಕಿದ ಪ್ರತಿ, ಆ ಏಳು ನಿಮಿಷ ಇದರಲ್ಲಿಲ್ಲ. ಬರೆದುಕೊಂಡು, ಕನ್ನಡಿಯ ಮುಂದೆ ಹೇಳಿಯೂ ನೋಡಿದ. ಅವನ ವಿಮರ್ಶೆಗಳಿಗಿಂತ ಚೆನ್ನಾಗಿತ್ತು.

ಭಾನುವಾರ ಸಭಾಗೃಹದಲ್ಲಿ ನಲವತ್ತು ಜನ. ಉಮಾವತಿಯವರು, ಕಣ್ಣು ತೆರೆದು ನೋಡುವ ವಿಮರ್ಶಕ ಎಂದು ಅವನನ್ನು ಪರಿಚಯಿಸಿದರು. ಮುಂದಿನ ಸಾಲಿನಲ್ಲಿ ಮೌಶಿ ಕೈ ಕಟ್ಟಿಕೊಂಡು ಕೂತಿದ್ದಳು. ಋಷಿಕೇಶ ಸುಳ್ಳು ಬರೆದಿದ್ದ ಚೀಟಿ ತೆಗೆದ, ಓದಲಾಗಲಿಲ್ಲ, ಮಡಚಿ ಜೇಬಿಗಿಟ್ಟ.

“ಖರೆ ಹೇಳ್ತೀನ್ರಿ, ನಾ ಮಲಗಿದ್ದೆ. ನಾ ಹೊಗಳಿದ್ದು ಕೆಟ್ಟ ಮಷೀನನ್ನ.”

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ನಕ್ಕರು ನೋಡಿ, ಉಮಾವತಿಯವರನ್ನು ಬಿಟ್ಟು ಎಲ್ಲರೂ. ಆಯ್ಕೆ ಸಮಿತಿಯ ವಿಷಯ ಮುಂದಿನ ತಿಂಗಳು ನೋಡೋಣವೆಂದು ಅವರು ತಣ್ಣಗೆ ಹೇಳಿದರು. ಮುಂದಿನ ತಿಂಗಳೆಂಬುದು ಯಾವತ್ತೂ ಬರುವುದಿಲ್ಲವೆಂದು ಅವನಿಗೂ ತಿಳಿಯಿತು.

ಅವನು ಮೌಶಿಯ ಪಕ್ಕ ಹೋಗಿ ಕೂತ. ಚಿತ್ರ ಶುರುವಾಯಿತು. ನಡುವೆ ಅದೇ ದೃಶ್ಯ ಬಂತು: ಮುದುಕಿ, ಕಿಟಕಿ, ಆಲೂಗಡ್ಡೆ. ನಾಲ್ಕೇ ಸೆಕೆಂಡಿನಲ್ಲಿ ಪರದೆಯಿಂದ ಹೊರಟುಹೋಗಲಿದ್ದಳು; ಅಷ್ಟರಲ್ಲಿ ಮೌಶಿ ಎದ್ದು ನಿಂತು, ಲ್ಯಾಪ್‌ಟಾಪಿನಿಂದ ಚಿತ್ರ ತೋರಿಸುತ್ತಿದ್ದ ಚಿತ್ರಕೂಟದ ಶ್ಯಾಮನಿಗೆ ಅಲ್ಲೇ ಸ್ವಲ್ಪ ನಿಲ್ಲಸ್ರಿ ಎಂದಳು. ಅವನು ನಿಲ್ಲಿಸಿದ. ಯಾರೂ ತಕರಾರು ಮಾಡಲಿಲ್ಲ.

ಗಂಟುಬಿದ್ದ ಬೆರಳು, ಹೆಬ್ಬೆರಳ ಉಗುರಿನ ಕಪ್ಪು ಗೆರೆ. ಸುಲಿಯುವುದನ್ನು ಬಿಟ್ಟು ಯಾರೋ ಬರುತ್ತಾರೆಂದು ಕಿಟಕಿಯಾಚೆ ನೋಡುವ ಆ ಕಣ್ಣು. ಋಷಿಕೇಶನ ಪಾಳಿ ಮುಗಿಯುವ ಹೊತ್ತಿಗೆ ಅವ್ವ ಮನೆಯ ಕಿಟಕಿಯಲ್ಲಿ ಹೀಗೇ ಕೂತಿರುತ್ತಿದ್ದಳು. ಅವನು ಫೋನು ನೋಡುತ್ತಲೇ ಒಳಗೆ ಹೋಗಿಬಿಡುತ್ತಿದ್ದ. ಎಷ್ಟು ವರ್ಷ ಹಾಗೆ ಹೋಗಿದ್ದ! ಅವನಿಗೆ ಅಳು ತಡೆಯಲಾಗಲಿಲ್ಲ.

ಕತ್ತಲಲ್ಲಿ ಮೌಶಿ ಮೊಣಕೈಯಿಂದ ತಿವಿದಳು.

“ಎಚ್ಚರ ಇದ್ದೀಯೇನೋ?”

“ಈಗ ಇದ್ದೀನಿ ಮೌಶಿ,” ಎಂದ.