ಗೋಡೆಯೊಳಗಿನ ಮೋಡ

ದರ್ಜಿಯ ಮನೆಯ ಪಶ್ಚಿಮದ ಗೋಡೆಯಲ್ಲಿ ತೇವದ ಒಂದು ಮೋಡವಿತ್ತು. ಮೊದಲು ಅಂಗೈಯಷ್ಟು, ಆಮೇಲೆ ಚಾಪೆಯಷ್ಟು. ಅದರ ಪಕ್ಕದಲ್ಲೇ ಐದು ವರ್ಷದ ಮಗಳ ಹಾಸಿಗೆ. ಅವಳು ಮಲಗಿಕೊಂಡು ಆ ಮೋಡದಲ್ಲಿ ಆನೆ, ದೋಣಿ, ಅಜ್ಜಿಯ ಮೂಗು ನೋಡುತ್ತಿದ್ದಳು. ನೋಡುತ್ತಾ ಕೆಮ್ಮುತ್ತಿದ್ದಳು.

“ಗೋಡೆ ಒಣಗದೆ ಕೆಮ್ಮು ಬಿಡಲ್ಲ” ಎಂದಿದ್ದರು ಡಾಕ್ಟರು.

ಒಬ್ಬ ಗುತ್ತಿಗೆದಾರ ಬಂದ. ಗೋಡೆ ಮುಟ್ಟಲಿಲ್ಲ, ಬಣ್ಣದ ಪುಸ್ತಕ ಬಿಚ್ಚಿದ.

“ಹೊರಗಿಂದ ಎರಡು ಕೋಟ್ ಹೊಡೆದ್ರೆ ಮುಗೀತು ಅಣ್ಣ. ನಾಲ್ಕೇ ದಿನ. ಬೀದಿಯೆಲ್ಲ ನಿಮ್ಮನೇನೇ ನೋಡ್ಬೇಕು.”

ದರ್ಜಿ ಆ ಪುಸ್ತಕವನ್ನು ಹೊಲಿಗೆ ಯಂತ್ರದ ಪಕ್ಕ ಇಟ್ಟುಕೊಂಡ. ಹೊಲಿಯುವಾಗೆಲ್ಲ ಮನೆ ಅವನ ಕಣ್ಣೆದುರು ಒಮ್ಮೆ ನೀಲಿಯಾಗಿ, ಒಮ್ಮೆ ಹಳದಿಯಾಗಿ ತೇಲುತ್ತಿತ್ತು.

ಪಕ್ಕದ ಮನೆಯ ಅಕ್ಕ ಇಪ್ಪತ್ತು ವರ್ಷ ಗಾರೆ ಕೆಲಸ ಮಾಡಿದವಳು. ದರ್ಜಿಯ ಹೆಂಡತಿ ಅವಳನ್ನು ಕರೆತಂದಳು. ಅಕ್ಕ ಮೋಡದ ಮೇಲೆ ಅಂಗೈ ಇಟ್ಟು, ಜ್ವರ ನೋಡುವವಳಂತೆ ನಿಂತಳು. ಆಮೇಲೆ ಪ್ಲಾಸ್ಟಿಕ್ ಹಾಳೆಯ ತುಂಡೊಂದನ್ನು ಗೋಡೆಗೆ ಒತ್ತಿ, ನಾಲ್ಕೂ ಅಂಚಿಗೆ ಟೇಪು ಅಂಟಿಸಿದಳು. “ಎರಡು ದಿನ ಹೀಗೇ ಬಿಡು.”

ದರ್ಜಿ ನಕ್ಕ. “ಏನಕ್ಕಾ, ಗೋಡೆಗೂ ಪಟ್ಟಿ ಕಟ್ತೀಯಾ?”

“ಗಾಯ ಇರೋ ಕಡೆ ಕಟ್ಬೇಕಲ್ಲಪ್ಪಾ.”

ಮೂರನೆಯ ಬೆಳಿಗ್ಗೆ ಹಾಳೆಯ ಒಳಮೈ ತುಂಬ ಹನಿಗಳು.

“ನೋಡು, ನೀರು ಗೋಡೆ ಒಳಗಿದೆ. ಮೇಲೆ ಬಣ್ಣ ಬಳಿದ್ರೆ ಒಂದೇ ಮಳೆಗೆ ಈರುಳ್ಳಿ ಸಿಪ್ಪೆ ಹಾಗೆ ಏಳತ್ತೆ.”

“ನಾಲ್ಕೇ ದಿನ ಅಂದನಲ್ಲಕ್ಕಾ...”

“ನೀನು ಹೊಸ ಬಟ್ಟೆ ನೆನೆಸ್ತೀಯಲ್ಲ, ಹಸಿ ಇರೋವಾಗ್ಲೇ ಕತ್ತರಿ ಹಾಕ್ತೀಯಾ?”

“ಯಾರಾದ್ರೂ ಹಾಕ್ತಾರಾ? ಅಳತೆನೇ ಕೆಟ್ಟೋಗತ್ತೆ.”

“ಬಟ್ಟೆಗೆ ಕೊಡೋ ಮರ್ಯಾದೆ ಗೋಡೆಗೂ ಕೊಡು.”

ದರ್ಜಿ ಪುಸ್ತಕ ಮಡಚಿದ.

“ಇನ್ನೊಂದು ಮಾತು” ಎಂದಳು ಅಕ್ಕ. “ನೀನು ಬಣ್ಣ ಹೊಡೆದು ಮೂರು ಮಳೆಗಾಲ ಕಂಡ ಗೋಡೆ ತೋರಿಸು ಅಂತ ಅವನನ್ನ ಕೇಳು. ಹೊಸ ಬಣ್ಣ ಎಲ್ಲರದ್ದೂ ಚೆನ್ನಾಗೇ ಇರತ್ತೆ.”

ಕೇಳಿದಾಗ ಆ ಗುತ್ತಿಗೆದಾರ “ನಂಬಿಕೆ ಇಲ್ವಾ ಅಣ್ಣ?” ಎಂದು ಪುಸ್ತಕ ಎತ್ತಿಕೊಂಡು ಹೋದ.

ಎರಡನೆಯ ಗುತ್ತಿಗೆದಾರನದು ಮಾತು ಕಡಿಮೆ. ತಾನು ನಾಲ್ಕು ವರ್ಷದ ಹಿಂದೆ ಮಾಡಿದ ಮನೆಗೆ ಕರೆದೊಯ್ದ. ದರ್ಜಿಯ ಹೆಂಡತಿ ಆ ಗೋಡೆಯನ್ನು ಸವರಿದಳು. ಅಂಗೈಗೆ ಪುಡಿ ಹತ್ತಲಿಲ್ಲ. ಆಮೇಲೆ ಅವನು ದರ್ಜಿಯ ಮನೆಗೆ ಬಂದು ಏಣಿ ಹತ್ತಿ, ಮಳೆನೀರಿನ ಪೈಪು ಒಡೆದು ಗೋಡೆಗೆ ನೀರಿಳಿಯುತ್ತಿದ್ದದ್ದನ್ನು ತೋರಿಸಿದ. ಯಾವ ಕೆಲಸದ ನಂತರ ಯಾವುದು, ಯಾವ ಸಾಮಾನು, ಒಣಗಲು ಎಷ್ಟು ದಿನ, ಬಣ್ಣ ಎದ್ದರೆ ಯಾರ ಹೊಣೆ, ಎಲ್ಲವನ್ನೂ ಕಾಗದದಲ್ಲಿ ಬರೆದ. ಅವನೂ ದರ್ಜಿಯೂ ಸಹಿ ಹಾಕಿದರು.

ಪೈಪು ಸರಿಯಾಯಿತು. ಹೊಸ ಗಾರೆ ಮೆತ್ತಿದ್ದಾಯಿತು. ಗೋಡೆ ಐದು ವಾರ ಬರಿಮೈಯಲ್ಲಿ ನಿಂತಿತು.

“ದರ್ಜಿಯೋರೇ, ನಿಮ್ಮನೆ ಯಾವಾಗ ಬಟ್ಟೆ ಹಾಕ್ಕೊಳತ್ತೆ?” ಎಂದು ಬೀದಿಯವರು ಕೆಣಕಿದರು.

“ಅಳತೆ ಆಗಿದೆ. ಒಣಗ್ತಿದೆ” ಎಂದ ದರ್ಜಿ.

ಅಕ್ಕ ಮತ್ತೆ ಹಾಳೆ ಅಂಟಿಸಿದಳು. ಈ ಸಲ ಒಂದು ಹನಿಯೂ ಇಲ್ಲ. ಆಮೇಲೆಯೇ ಬಣ್ಣ ಬಂತು, ತಿಳಿ ನೀಲಿ.

ಮುಂದಿನ ಮಳೆಗಾಲ ಕಳೆದ ಒಂದು ಸಂಜೆ ಮಗಳು ಹಾಸಿಗೆಯಿಂದ ಕೇಳಿದಳು. “ಅಪ್ಪಾ, ನನ್ನ ಮೋಡ ಎಲ್ಲಿ?”

ದರ್ಜಿ ಕಿಟಕಿ ತೆರೆದು ಆಕಾಶ ತೋರಿಸಿದ. “ಅಗೋ, ಅಲ್ಲಿ.”

ಅವಳು ಬಹಳ ಹೊತ್ತು ನೋಡಿದಳು. ಕೆಮ್ಮಲಿಲ್ಲ.

ನಿಮ್ಮ ಮನೆಗೂ ಯಾರಾದರೂ ಬಣ್ಣದ ಪುಸ್ತಕ ಹಿಡಿದು ಬರಬಹುದು. ಮೊದಲು ಗೋಡೆ ಮುಟ್ಟಲು ಹೇಳಿ. ಅವರ ಹಳೆಯ ಕೆಲಸ ನೋಡಿ ಬನ್ನಿ. ಆಡಿದ ಮಾತನ್ನು ಬರೆಸಿಕೊಳ್ಳಿ. ಆಮೇಲೆ ಕಾಯಿರಿ. ಗೋಡೆ ಒಣಗಲು ಎಷ್ಟು ದಿನ ಬೇಕೋ ಅಷ್ಟು ಬೇಕೇ ಬೇಕು.