ಔಟಾದವರ ಕಟ್ಟೆ

ನರಸಿಂಹಮ್ಮ ಮೇಡಂ ತುಮಕೂರಿನ ಶೆಟ್ಟಿಹಳ್ಳಿಯ ಶಾಲೆಯಲ್ಲಿ ಸೀಟಿ ಊದಿದರೆ ಶಿರಾ ಗೇಟಿನಲ್ಲಿ ಬಸ್ಸುಗಳು ಬ್ರೇಕ್ ಹಾಕುತ್ತಿದ್ದವು. ಅವರ ಊರು ಕುಣಿಗಲ್ ಬೇರೆ, ಅಲ್ಲಿನ ಫಾರಂನ ರೇಸ್ ಕುದುರೆಗಳಿಗೆ ಓಟ ಕಲಿಸಿದ್ದೇ ಅವರು ಎಂದರೂ ನಂಬಬೇಕು. ಹೊಸದಾಗಿ ಸೇರಿದ ಅಂಥ ಪಿ.ಟಿ. ಮೇಡಂ ಆವತ್ತು ಸೀಟಿ ಕಚ್ಚಿಕೊಂಡೇ ನಿಂತುಬಿಟ್ಟರು.

ಒಂದನೇ ಕ್ಲಾಸಿನ ಮಕ್ಕಳು ಮುಟ್ಟಾಟಕ್ಕೆ ಚದುರಿದ್ದರು. ಗುಬ್ಬಿಯಿಂದ ವ್ಯಾನಿನಲ್ಲಿ ಬರುವ ಇಂಪನಾ ಮಾತ್ರ ನೆಟ್ಟಗೆ ಹೋಗಿ ಹೊಂಗೆ ಮರದ ಕಟ್ಟೆಯ ಮೇಲೆ ಕೂತಳು. ಅದು ಔಟಾದವರು ಕೂರುವ ಕಟ್ಟೆ, ಹೆಡ್‌ಮಾಸ್ಟರ್ ವಾದಿರಾಜ್ ಸಾರ್ ಶಿಸ್ತಿಗೆಂದು ಮಾಡಿದ್ದ ಏರ್ಪಾಟು.

"ಯಾಕೇ, ಆಟಾನೇ ಶುರುವಾಗಿಲ್ಲ?"

"ಹೆಂಗಿದ್ರೂ ಮೊದ್ಲು ನಾನೇ ಔಟಾಗೋದು ಮಿಸ್. ಅದಕ್ಕೇ ಬಂದ್ಬುಟ್ಟೆ."

ಹಿರೇಹಳ್ಳಿಯ ಅಷ್ಟೂ ಕಾರ್ಖಾನೆಗಳ ಕುಲುಮೆ ಒಟ್ಟಿಗೆ ಹೊತ್ತಿಸಿದರೂ ಮೇಡಂ ಹೊಟ್ಟೆಯೊಳಗೆ ಎದ್ದಷ್ಟು ಬೆಂಕಿ ಏಳುತ್ತಿರಲಿಲ್ಲ. ಓಡಲಾರದ ಮಗುವನ್ನು ಕೂರಿಸಿ, ಓಡುವ ಮಗುವನ್ನೇ ಓಡಿಸುವುದು ಯಾವ ಸೀಮೆಯ ವ್ಯಾಯಾಮ? ಅಂದೇ ಆಟ ಬದಲಾಯಿತು. ಸಿಕ್ಕಿಬಿದ್ದವರು ಕೂರುವಂತಿಲ್ಲ, ಹಿಡಿದವರ ಕೈ ಹಿಡಿದು, ಸರಪಳಿಯಾಗಿ ಮಿಕ್ಕವರನ್ನು ಅಟ್ಟಬೇಕು.

ಮಾರನೇ ದಿನವೇ ವಾದಿರಾಜ್ ಸಾರ್ ಮೈದಾನಕ್ಕೆ ಬಂದರು.

"ಏನ್ ಮೇಡಂ ಈ ಗಲಾಟೆ? ಮುಂಚೆ ಅರ್ಧ ಕ್ಲಾಸು ತೆಪ್ಪಗೆ ಕೂತಿರ್ತಿತ್ತು. ಹಳೇ ಆಟಾನೇ ಆಡ್ಸಿ. ಇಲ್ಲಾಂದ್ರೆ ಈ ಪೀರಿಯಡ್ ಗಣಿತಕ್ಕೆ ಕೊಡ್ತೀನಿ."

"ತೆಪ್ಪಗೆ ಕೂರ್ಸೋಕೆ ಪಿ.ಟಿ. ಯಾಕ್ ಸಾರ್? ನೀವೂ ಓಡಿ. ಈ ಮಕ್ಕಳ ಕೈಗೆ ಸಿಗ್ದಿದ್ರೆ ಪೀರಿಯಡ್ ನಿಮ್ದು."

"ಕಾಲೇಜಲ್ಲಿ ಕಬಡ್ಡಿ ಆಡ್ದೋನು ಕಣ್ರೀ ನಾನು," ಎಂದು ನಗುತ್ತ ಸಾರ್ ಪ್ಯಾಂಟು ಏರಿಸಿಕೊಂಡರು.

ಸೀಟಿ ಬಿತ್ತು. ಎಂದಿನಂತೆ ಇಂಪನಾಳೇ ಮೊದಲು ಸಿಕ್ಕಿದಳು, ಹಾಗಾಗಿ ಸರಪಳಿಯ ಒಂದು ತುದಿ ಅವಳದೇ ಆಯಿತು, ಆಮೇಲೆ ಸಿಕ್ಕವರೆಲ್ಲ ಇನ್ನೊಂದು ತುದಿಗೆ ಸೇರಿಕೊಂಡರು. ನೋಡನೋಡುತ್ತ ಅದು ತುಮಕೂರಿನಿಂದ ಗುಬ್ಬಿಯವರೆಗೆ ಬೆಳೆಯಿತು. ಮೈದಾನದ ಅಗಲಕ್ಕೂ ಹಬ್ಬಿದ ಆ ಬಲೆ ಸಾರ್ ಅವರನ್ನು ಕಾಂಪೌಂಡ್ ಮೂಲೆಗೆ ಒತ್ತಿತು. ಕಬಡ್ಡಿ ಕಾಲುಗಳು ಅತ್ತ ಹೊರಳಿದವು, ಇತ್ತ ಹೊರಳಿದವು. ಇಂಪನಾ ಅವರ ಬೆಲ್ಟನ್ನೇ ಹಿಡಿದಳು.

ಸಾರ್ ಏದುಸಿರು ಬಿಡುತ್ತ ನೇರ ಕಟ್ಟೆಗೆ ಹೋಗಿ ಕೂತರು.

"ಸಾರ್, ಕೂರಂಗಿಲ್ಲ. ಕೈ ಕೊಡಿ," ಎಂದಳು ಇಂಪನಾ.

"ನಾನು ಔಟ್ ಕಣಮ್ಮ. ಬುಡು, ಸಾಕು."

"ಔಟಾದ್ರೇನೇ ಜಾಸ್ತಿ ಓಡ್ಬೇಕು ಸಾರ್. ಇನ್ನೂ ಇಬ್ರು ಸಿಕ್ಕಿಲ್ಲ."

ಸಾರ್ ಮೇಡಂ ಕಡೆ ನೋಡಿದರು. ಮೇಡಂ ನಗಲಿಲ್ಲ.

"ಒಂದ್ಸಲ ಸೋತಿದ್ದಕ್ಕೇ ನಿಮಗೆ ಕಟ್ಟೆ ನೆನಪಾಯ್ತು. ಅವಳನ್ನ ದಿನಾ ಕೂರಿಸ್ತಿದ್ರಲ್ಲ ಸಾರ್. ಎದ್ದೇಳಿ."

ಎದ್ದರು. ಪುಟ್ಟ ಕೈಯೊಂದು ಅವರನ್ನು ಎಳೆದುಕೊಂಡು ಓಡಿತು.